ಉದುರದ ಹಣ್ಣು

ನರ್ಸರಿಗೆ ಹೋಗಿ ‘ಸ್ಟಾರ್ ಆ್ಯಪಲ್ ಗಿಡ ಕೊಡಿ’ ಎಂದು ಕೇಳಿದವರಲ್ಲಿ ಕೆಲವರು ಸ್ಟಾರ್ ಫ್ರೂಟ್ ಗಿಡ ಹಿಡಿದುಕೊಂಡು ಮನೆಗೆ ಬರುತ್ತಾರೆ. ಕೇಳಿದವರನ್ನಾಗಲೀ ಕೊಟ್ಟವರನ್ನಾಗಲೀ ದೂರಿ ಫಲವಿಲ್ಲ, ಹೆಸರೇ ಹಾಗಿದೆ. ಆದ್ದರಿಂದ ಗುಂಡಿ, ಗೊಬ್ಬರದ ಮಾತಿಗೆ ಇಳಿಯುವ ಮೊದಲು ಹೆಸರಿನ ಸಿಕ್ಕು ಬಿಡಿಸಿಕೊಳ್ಳೋಣ.

ಸ್ಟಾರ್ ಫ್ರೂಟ್ ಎಂದರೆ ಕಮರಾಕ್ಷಿ. ದಕ್ಷಿಣ ಕನ್ನಡದಲ್ಲಿ ದಾರೆಹುಳಿ ಎನ್ನುವ, ಐದು ಏಣುಗಳ ಹುಳಿಹಣ್ಣು. ಅದರ ನಕ್ಷತ್ರವನ್ನು ಕಾಣಲು ಚಾಕು ಬೇಕಿಲ್ಲ, ಮೈಯಲ್ಲೇ ಇದೆ. ಸ್ಟಾರ್ ಆ್ಯಪಲ್ ಹೊರಗಿನಿಂದ ಯಾವ ಗುಟ್ಟನ್ನೂ ಬಿಟ್ಟುಕೊಡುವುದಿಲ್ಲ. ಕಿತ್ತಳೆಯಷ್ಟು ದಪ್ಪದ, ನುಣ್ಣನೆಯ ಗುಂಡುಹಣ್ಣು; ಬಣ್ಣ ಕಡುನೇರಳೆ ಅಥವಾ ತಿಳಿಹಸಿರು. ತೊಟ್ಟಿನಿಂದ ತುದಿಗೆ ಸೀಳಿದರೂ ನಕ್ಷತ್ರ ಕಾಣದು. ಹೊಟ್ಟೆಯ ನಡುವೆ ಅಡ್ಡಕ್ಕೆ ಕತ್ತರಿಸಬೇಕು. ಆಗ ಬಿಳಿಯ ತಿರುಳಿನ ನಡುವೆ ಬೀಜದ ಕೋಣೆಗಳು ಕಿರಣಗಳಂತೆ ಸುತ್ತಲೂ ಹರಡಿ ನಿಂತಿರುತ್ತವೆ. ಕೇರಳದ ನರ್ಸರಿಗಳಲ್ಲಿ, ಅಲ್ಲಿಂದ ನಮ್ಮ ಕರಾವಳಿಗೆ ಬರುವ ಗಿಡಗಳ ಚೀಟಿಯಲ್ಲಿ, ಇದನ್ನು ‘ಮಿಲ್ಕ್ ಫ್ರೂಟ್’ ಎಂದೂ ಬರೆದಿರುತ್ತಾರೆ.

ಸಿಕ್ಕಿನ ಇನ್ನೊಂದು ಎಳೆ ಅಬಿಯು. ಹಳದಿ ಸಿಪ್ಪೆಯ ಈ ಅಮೆಜಾನ್ ಹಣ್ಣು ಈಚೆಗೆ ನಮ್ಮ ಹಿತ್ತಲುಗಳಿಗೂ ಬರುತ್ತಿದೆ. ಇದರ ಸಸ್ಯಶಾಸ್ತ್ರೀಯ ಹೆಸರು ಪೌಟೇರಿಯಾ ಕೈಮಿಟೊ. ನಮ್ಮ ಸ್ಟಾರ್ ಆ್ಯಪಲ್ಲಿನದು ಕ್ರೈಸೋಫಿಲಮ್ ಕೈನಿಟೊ. ಲಿನೇಯಸ್ 1753ರಲ್ಲಿ ಇಟ್ಟ ಹೆಸರು. ವೆಸ್ಟ್ ಇಂಡೀಸ್ ಮತ್ತು ಮಧ್ಯ ಅಮೆರಿಕದ ಸ್ಪ್ಯಾನಿಷ್ ಮಾತಿನ ಊರುಗಳಲ್ಲಿ ಸ್ಟಾರ್ ಆ್ಯಪಲ್ಲನ್ನೇ ಕೈಮಿಟೊ ಎನ್ನುತ್ತಾರೆ. ಒಬ್ಬರ ಮನೆಮಾತಿನ ಹೆಸರು ಇನ್ನೊಬ್ಬರ ಶಾಸ್ತ್ರದ ಹೆಸರಾಗಿ ಕೂತಿದೆ. ಎರಡೂ ಒಂದೇ ಕುಟುಂಬದವು ಎಂಬುದಷ್ಟೇ ಸಮಾಧಾನ.

ಆ ಕುಟುಂಬ ನಮಗೆ ಹೊಸದಲ್ಲ. ಸಪೋಟ, ಹಿಪ್ಪೆ, ದೇವಸ್ಥಾನದ ಅಂಗಳದಲ್ಲಿ ಹೂ ಉದುರಿಸುವ ರಂಜೆ, ಎಲ್ಲವೂ ಇದೇ ಮನೆತನದವು. ಕಾಯಿ ಗೀರಿದರೆ ಬಿಳಿ ಹಾಲು ಜಿನುಗುವುದು, ಹೊಳೆಯುವ ಗಟ್ಟಿ ಬೀಜ ಇರುವುದು ಈ ಮನೆತನದ ಗುರುತು. ಪಶ್ಚಿಮ ಘಟ್ಟದ ನಿತ್ಯಹರಿದ್ವರ್ಣ ಕಾಡಿನಲ್ಲಿ ಸ್ಟಾರ್ ಆ್ಯಪಲ್ಲಿನ ಹತ್ತಿರದ ನಂಟ ಒಬ್ಬನಿದ್ದಾನೆ, ಕ್ರೈಸೋಫಿಲಮ್ ರಾಕ್ಸ್‌ಬರ್ಗಿ. ಅದರದು ಹಣ್ಣಾದಾಗ ಹಳದಿಗೆ ತಿರುಗುವ ಪುಟ್ಟ ಕಾಯಿ. ಒಳಗೆ ಸಾಮಾನ್ಯವಾಗಿ ಐದು ಬೀಜ.

ಗಿಡ ಗುರುತಿಸಲು ಹಣ್ಣಿನವರೆಗೆ ಕಾಯಬೇಕಾಗಿಲ್ಲ, ಎಲೆ ಮಗುಚಿ ನೋಡಿ. ಮೇಲ್ಮೈ ಕಡುಹಸಿರು, ಮಿರಮಿರ ಮಿಂಚುತ್ತದೆ. ಅಡಿಮೈ ರೇಷ್ಮೆಯಂಥ ಸಣ್ಣ ರೋಮಗಳಿಂದ ಕೂಡಿ ಹೊಂಬಣ್ಣಕ್ಕೋ ತಾಮ್ರದ ಬಣ್ಣಕ್ಕೋ ತಿರುಗಿರುತ್ತದೆ. ಕ್ರೈಸೋಫಿಲಮ್ ಎಂಬ ಗ್ರೀಕ್ ಮೂಲದ ಹೆಸರಿನ ಅರ್ಥವೇ ಹೊನ್ನೆಲೆ. ಗಾಳಿ ಬೀಸಿದಾಗ ಇಡೀ ಮರ ಒಮ್ಮೆ ಹಸಿರು, ಒಮ್ಮೆ ಕಂದು. ಹಣ್ಣಿನ ಆಸೆಯಿಲ್ಲದೆ ನೆರಳಿಗೆ, ಅಂದಕ್ಕೆ ಎಂದೇ ಇದನ್ನು ನೆಡುವವರೂ ಇದ್ದಾರೆ.

ವಿಯೆಟ್ನಾಮಿನವರು ಈ ಎರಡು ಬಣ್ಣದ ಎಲೆಗೆ ಒಂದು ಕಥೆ ಕಟ್ಟಿದ್ದಾರೆ. ಅಲ್ಲಿ ಹಣ್ಣಿನ ಹೆಸರು ‘ವು ಸುವಾ’, ಅಂದರೆ ಮೊಲೆಹಾಲು. ತಾಯಿಯ ಬೈಗುಳಕ್ಕೆ ಮುನಿಸಿಕೊಂಡ ಹುಡುಗನೊಬ್ಬ ಮನೆಬಿಟ್ಟು ಹೋಗುತ್ತಾನೆ. ದಾರಿ ಕಾದು ಕಾದು, ಅತ್ತು ಅತ್ತು ತಾಯಿ ಮರವಾಗುತ್ತಾಳೆ. ಹಸಿವು, ಪೆಟ್ಟು ತಿಂದ ಹುಡುಗ ಹಿಂದಿರುಗಿ ಬಂದಾಗ ಮನೆಯಲ್ಲಿ ಅಮ್ಮನಿಲ್ಲ, ಅಂಗಳದಲ್ಲಿ ಮರವಿದೆ. ಮರವನ್ನು ತಬ್ಬಿಕೊಂಡು ಅಳುವಾಗ ಒಂದು ಹಣ್ಣು ಅವನ ಕೈಗೆ ಬೀಳುತ್ತದೆ. ಕಚ್ಚುತ್ತಾನೆ, ಬರೀ ಒಗರು. ಎರಡನೆಯದು ಬೀಳುತ್ತದೆ. ಸಿಪ್ಪೆ ತೆಗೆದು ಕಚ್ಚಿದರೆ ಹಲ್ಲಿಗೆ ಬೀಜ ಸಿಗುತ್ತದೆ. ಮೂರನೆಯದನ್ನು ಮೆಲ್ಲಗೆ ಕೈಯಲ್ಲಿ ಹಿಸುಕುತ್ತಾನೆ. ಸಿಪ್ಪೆ ಮೆತ್ತಗಾಗಿ ಬಿರಿದು, ಹಾಲಿನಂಥ ಸಿಹಿರಸ ಬಾಯಿಗೆ ಇಳಿಯುತ್ತದೆ. ಎಲೆಯ ಒಂದು ಬದಿ ಕೆಂಪಾಗಿರುವುದು ಅತ್ತು ಕೆಂಪಾದ ಅಮ್ಮನ ಕಣ್ಣಂತೆ.

ಮಕ್ಕಳಿಗೆ ಹೇಳುವ ಕಥೆ, ನಿಜ. ಆದರೆ ಇದಕ್ಕಿಂತ ಚೊಕ್ಕವಾಗಿ ಈ ಹಣ್ಣು ತಿನ್ನುವ ಪಾಠವನ್ನು ಯಾವ ತೋಟಗಾರಿಕೆ ಕೈಪಿಡಿಯಲ್ಲೂ ನಾನು ಕಂಡಿಲ್ಲ. ಸಿಪ್ಪೆ ಒಗರು, ಬೀಜ ಗಟ್ಟಿ, ತಿರುಳಿಗೆ ಅವಸರ ಆಗದು. ಮೂರೂ ಬಂದವು. ಕಥೆ ಒಂದೇ ಒಂದು ಕಡೆ ಸುಳ್ಳು ಹೇಳುತ್ತದೆ. ಈ ಮರ ಹಣ್ಣನ್ನು ಯಾರ ಕೈಗೂ ಬೀಳಿಸುವುದಿಲ್ಲ.

ಹೊಸಬರು ಮೊದಲು ಕಲಿಯಬೇಕಾದ್ದು ಇದನ್ನೇ. ಮಾವು, ನೇರಳೆ, ಪೇರಲೆ ಮಾಗಿದಾಗ ತಾವೇ ಉದುರುತ್ತವೆ, ನಮಗೆ ಸುದ್ದಿ ಮುಟ್ಟುತ್ತದೆ. ಸ್ಟಾರ್ ಆ್ಯಪಲ್ ಮಾಗಿದ ಮೇಲೂ ತೊಟ್ಟು ಕಚ್ಚಿಕೊಂಡೇ ಇರುತ್ತದೆ. ಬಿಟ್ಟರೆ ಅಲ್ಲೇ ಒಣಗಿ ಕರಟುತ್ತದೆ. ಜಮೈಕದ ಜನ ಜಿಪುಣನನ್ನು ಈ ಮರಕ್ಕೆ ಹೋಲಿಸುವುದು ಇದರಿಂದಲೇ. ಅವಸರಪಟ್ಟು ಬಲಿತ ಕಾಯಿ ಕಿತ್ತಿರೋ, ಬಾಯಿಯ ತುಂಬ ಅಂಟು. ಹಲಸಿನ ಮೇಣವನ್ನು ತುಟಿಗೆ ಹಚ್ಚಿಕೊಂಡವರಿಗೆ ವಿವರಿಸಬೇಕಾಗಿಲ್ಲ. ಹಾಗಾದರೆ ಹಣ್ಣಾದದ್ದು ತಿಳಿಯುವುದು ಹೇಗೆ? ಕಾಯಿಯ ಹೊಳಪು ಮಾಸಬೇಕು, ಸಿಪ್ಪೆ ತುಸು ಸುಕ್ಕಾಗಬೇಕು, ಹೆಬ್ಬೆರಳಿಟ್ಟರೆ ಮಾಗಿದ ಸಪೋಟದಂತೆ ಒಳಗೆ ಕುಸಿಯಬೇಕು. ನೇರಳೆ ಬಣ್ಣದ್ದಾದರೆ ಬಣ್ಣ ಬಂದ ಮೇಲೂ ಕೆಲವು ದಿನ ಕಾಯುವುದು ಕ್ಷೇಮ. ಬಣ್ಣ ಮೊದಲು ಬರುತ್ತದೆ, ರುಚಿ ಆಮೇಲೆ.

ತಮಾಷೆ ನೋಡಿ, ಇದೇ ನಂಟಿನ ಆಫ್ರಿಕದ ಹಣ್ಣಿಗೆ ಪದ್ಧತಿ ಪೂರಾ ತಿರುವುಮುರುವು. ನೈಜೀರಿಯದ ಯೊರುಬಾ ಜನ ಅಗ್ಬಲುಮೊ ಎಂದೂ ಇಗ್ಬೊ ಜನ ಉದಾರ ಎಂದೂ ಕರೆಯುವ ಕಿತ್ತಳೆ ಬಣ್ಣದ ಹುಳಿಸಿಹಿ ಹಣ್ಣು ಅದು. ಇಗ್ಬೊ ಊರುಗಳ ಸಂಪ್ರದಾಯದಲ್ಲಿ ಅದನ್ನು ಮರದಿಂದ ಕೀಳಬಾರದು, ತಾನಾಗಿ ಬಿದ್ದದ್ದನ್ನೇ ಹೆಕ್ಕಬೇಕು. ಮಕ್ಕಳು ಬೆಳಗಾಗುವ ಮೊದಲೇ ಮರದಡಿ ಓಡುತ್ತಾರೆ. ಅಂತರ್ಜಾಲದಲ್ಲಿ ‘ಆಫ್ರಿಕನ್ ಸ್ಟಾರ್ ಆ್ಯಪಲ್’ ಎಂಬ ಬೀಜ ಕಂಡರೆ ಅದು ಈ ಅಗ್ಬಲುಮೊ, ನಮ್ಮ ಕೈಮಿಟೊ ಅಲ್ಲ ಎಂದು ನೆನಪಿಟ್ಟುಕೊಳ್ಳಿ.

ಇನ್ನು ತಳಿಗಳು. ‘ನೇರಳೆ ಒಳ್ಳೆಯದೋ, ಹಸಿರು ಒಳ್ಳೆಯದೋ?’ ಎಂದು ಎಲ್ಲರೂ ಕೇಳುತ್ತಾರೆ. ಪ್ರಶ್ನೆಯಲ್ಲೇ ಒಂದು ಎಡವಟ್ಟಿದೆ. ನೇರಳೆ, ಹಸಿರು ಎಂಬುವು ಬಣ್ಣಗಳು. ಕಪ್ಪು ದ್ರಾಕ್ಷಿ, ಹಸಿರು ದ್ರಾಕ್ಷಿ ಎಂದಷ್ಟೇ ಹೇಳಿದರೆ ತಳಿ ತಿಳಿಯುವುದಿಲ್ಲವಲ್ಲ, ಹಾಗೆ. ಆದರೂ ಈ ಎರಡು ಗುಂಪುಗಳ ನಡುವೆ ಸಾಮಾನ್ಯವಾಗಿ ಕಾಣುವ ವ್ಯತ್ಯಾಸ ಇದೆ. ನೇರಳೆಯದಕ್ಕೆ ಸಿಪ್ಪೆ ದಪ್ಪ, ತಿರುಳು ತುಸು ಗಟ್ಟಿ. ಸಿಪ್ಪೆಯ ಬಣ್ಣ ಒಳಕ್ಕೂ ಇಳಿದು ತಿರುಳಿನ ಅಂಚು ಕೆನ್ನೀಲಿಯಾಗಿರುತ್ತದೆ. ಕತ್ತರಿಸಿ ತಟ್ಟೆಗಿಟ್ಟರೆ ನೋಡಲು ಇದೇ ಚೆಂದ. ಹಸಿರಿನದಕ್ಕೆ ಸಿಪ್ಪೆ ತೆಳು, ತಿರುಳು ನೀರುನೀರು. ಎಳನೀರಿನ ಗಂಜಿ ಮತ್ತು ಹಾಲುಕೆನೆ ಕಲಸಿದ ಹಾಗೆ. ನಾರಿಲ್ಲ, ಹುಳಿಯಿಲ್ಲ, ಘಮವೂ ಹೆಚ್ಚಿಲ್ಲ. ಹಲಸಿನಂಥ ಗಾಢ ರುಚಿ ಬಯಸುವವರಿಗೆ ‘ಇಷ್ಟೇನಾ?’ ಅನ್ನಿಸಿದರೆ ಆಶ್ಚರ್ಯವಿಲ್ಲ. ಸೌಮ್ಯವಾದ ಹಣ್ಣು ಇದು.

ಹೆಸರುಳ್ಳ ತಳಿಗಳ ಚರ್ಚೆಗೆ ವಿಯೆಟ್ನಾಮೇ ಸರಿಯಾದ ಊರು. ಮೆಕಾಂಗ್ ನದಿಯ ಮುಖಜಭೂಮಿಯಲ್ಲಿ, ಹಿಂದಿನ ತಿಯೆನ್ ಜಾಂಗ್ ಸೀಮೆಯ ವಿನ್ ಕಿಮ್ ಎಂಬ ಊರಿನ ಸುತ್ತ ಬೆಳೆಯುವ ‘ಲೋ ರೆನ್’ ಎಲ್ಲಕ್ಕಿಂತ ಹೆಸರುವಾಸಿ. ಲೋ ರೆನ್ ಎಂದರೆ ಕಮ್ಮಾರನ ಕುಲುಮೆ. ಕಮ್ಮಾರನೊಬ್ಬನ ತೋಟದ ಮರದಿಂದ ಈ ತಳಿ ಹರಡಿತು ಎನ್ನುತ್ತಾರೆ. ಹಸಿರು ಬಿಳುಪಿನ ಸಿಪ್ಪೆ, ಮಾಗಿದಾಗ ಬುಡದ ಕಡೆ ನಸುಗೆಂಪು, ತೆಳ್ಳನೆಯ ಸಿಪ್ಪೆಯ ಕೆಳಗೆ ಧಾರಾಳ ಹಾಲು. ಕಥೆಯ ಹುಡುಗ ಹಿಸುಕಿ ಕುಡಿದದ್ದು ಇಂಥ ತೆಳುಸಿಪ್ಪೆಯ ಹಣ್ಣನ್ನೇ ಇರಬೇಕು! ಅಲ್ಲೇ ‘ವು ಸುವಾ ಬೋ’ ಎಂಬ ಇನ್ನೊಂದು ಬಗೆ ಇದೆ. ಬೋ ಎಂದರೆ ಅವರ ಮಾತಿನಲ್ಲಿ ಬೆಣ್ಣೆಯೂ ಹೌದು, ಬೆಣ್ಣೆಹಣ್ಣೂ ಹೌದು. ಕನ್ನಡದವರಿಗೆ ಈ ಜೋಡಿ ಅರ್ಥ ವಿಚಿತ್ರವೆನಿಸದು. ಅದರ ಸಿಪ್ಪೆ ದಪ್ಪ, ತಿರುಳು ಗಟ್ಟಿ, ಹಿಸುಕಲು ಬಾರದು, ಚಾಕುವೇ ಬೇಕು. ಕಂದುನೇರಳೆಯ ‘ನೌ’, ಪೂರಾ ನೇರಳೆಯ ‘ತಿಮ್’ ಎಂಬುವೂ ಉಂಟು. ದೂರದ ಪೇಟೆಗೆ ಸಾಗಿಸುವಾಗ ತೆಳುಸಿಪ್ಪೆ ಬಲುಬೇಗ ಕಂದುತ್ತದೆ, ದಪ್ಪಸಿಪ್ಪೆ ತಡೆಯುತ್ತದೆ. ಬೆಳೆಗಾರನ ಆಯ್ಕೆಗೂ ತಿನ್ನುವವನ ಆಯ್ಕೆಗೂ ನಡುವೆ ಈ ಜಗ್ಗಾಟ ಎಲ್ಲ ಹಣ್ಣುಗಳಲ್ಲೂ ಇದೆ. ನಾವು ಮಲ್ಲಿಕಾ, ತೋತಾಪುರಿ ಎಂದು ಎಷ್ಟು ವಾದಿಸಿಲ್ಲ! ವಿಯೆಟ್ನಾಮಿನ ತಾಜಾ ಸ್ಟಾರ್ ಆ್ಯಪಲ್ಲಿಗೆ ಅಮೆರಿಕದ ಪೇಟೆಯ ಬಾಗಿಲು ತೆರೆದದ್ದು 2017ರ ಕೊನೆಯಲ್ಲಿ.

ಫ್ಲಾರಿಡಾದಲ್ಲಿ ಕಸಿಕಟ್ಟಿ ಹರಡಿದ ತಳಿ ‘ಹೈಟಿಯನ್ ಸ್ಟಾರ್’. 1950ರ ದಶಕದಲ್ಲಿ ಹೈಟಿಯಿಂದ ಬಂದ, ಬೇಗ ಫಲ ಕೊಡುವ ನೇರಳೆ ಹಣ್ಣು. ‘ಬ್ಲಾಂಕೊ ಸ್ಟಾರ್’ ಅಲ್ಲಿನ ಹಸಿರು ತಳಿ. ಫಿಲಿಪೀನ್ಸಿನಲ್ಲಿ ಕೈಮಿಟೊ ಹಿತ್ತಲ, ರಸ್ತೆಬದಿಯ ಮರ. ಬಹುಪಾಲು ಬೀಜದಿಂದ ಎದ್ದದ್ದು, ಆದ್ದರಿಂದ ಮರಕ್ಕೊಂದು ರುಚಿ. ಹತ್ತಿರದ ಸಿಲೋನಿಗೆ ಈ ಮರ 1802ರಲ್ಲೇ ಬಂದಿತ್ತು. ಅಲ್ಲಿಂದ ಇಲ್ಲಿಗೆ ಎಷ್ಟು ದೂರ? ಆದರೂ ನಮ್ಮ ತೋಟಗಳಲ್ಲಿ ಇದು ಇನ್ನೂ ಹೊಸಬನೇ. ನಮ್ಮಲ್ಲಿ ಮಾರುವ ಗಿಡಗಳ ಚೀಟಿಯಲ್ಲಿ ‘ಪರ್ಪಲ್’, ‘ಗ್ರೀನ್’, ‘ವಿಯೆಟ್ನಾಂ’ ಎಂದಷ್ಟೇ ಇರುವುದು ಹೆಚ್ಚು. ನಾನು ಮೊದಲು ತಂದ ಗಿಡದ ಚೀಟಿಯಲ್ಲಿ ‘ಗ್ರೀನ್’ ಎಂದು ದೊಡ್ಡ ಅಕ್ಷರದಲ್ಲಿತ್ತು. ಏಳನೆಯ ವರ್ಷ ಮೊದಲ ಕಾಯಿ ಬಲಿತು ನೇರಳೆಯಾಯಿತು. ಏಳು ವರ್ಷದ ಚೀಟಿ ಹಿಡಿದು ಯಾರನ್ನು ಕೇಳಲಿ?

ಅದಕ್ಕೇ ಹೋಲಿಕೆಯನ್ನು ಚೀಟಿಯ ಮೇಲೆ ಬಿಡದೆ ನಾವೇ ಮಾಡಬೇಕು. ಪರಿಚಿತರ ಮನೆಯಲ್ಲಿ ಮರವಿದ್ದರೆ, ಅಥವಾ ನಿಮ್ಮಲ್ಲೇ ಎರಡು ಮರ ಫಲಕ್ಕೆ ಬಂದರೆ, ಹೀಗೆ ಮಾಡಿ ನೋಡಿ. ಪ್ರತಿ ಮರದಿಂದ ಒಂದೇ ಹದಕ್ಕೆ ಮಾಗಿದ ಮೂರು ಹಣ್ಣು ತನ್ನಿ. ಒಂದು ಹಣ್ಣಿನಿಂದ ಮರವನ್ನು ಅಳೆಯಬಾರದು. ಒಂದೇ ಕೊಂಬೆಯ ಎರಡು ಹಣ್ಣುಗಳಲ್ಲೇ ವ್ಯತ್ಯಾಸವಿರುತ್ತದೆ. ಎಲ್ಲವನ್ನೂ ಒಂದು ರಾತ್ರಿ ಫ್ರಿಜ್ಜಿನಲ್ಲಿಡಿ, ಏಕೆಂದರೆ ತಣ್ಣಗಿನ ಹಣ್ಣು ಬೆಚ್ಚಗಿನದಕ್ಕಿಂತ ರುಚಿಯಾಗಿ ತೋರುತ್ತದೆ. ಒಂದನ್ನು ತಣ್ಣಗೆ, ಇನ್ನೊಂದನ್ನು ಬಿಸಿಲಿಂದ ತಂದು ತಿಂದರೆ ನ್ಯಾಯವಾಗದು. ಅಡುಗೆಮನೆಯ ತಕ್ಕಡಿಯಲ್ಲಿ ಇಡೀ ಹಣ್ಣು ತೂಗಿ. ಅಡ್ಡಕ್ಕೆ ಕತ್ತರಿಸಿ, ಚಮಚದಿಂದ ತಿರುಳು ತೆಗೆದು, ಸಿಪ್ಪೆ ಮತ್ತು ಬೀಜವನ್ನು ಬೇರೆ ತೂಗಿ. 300 ಗ್ರಾಂ ಹಣ್ಣಿನಲ್ಲಿ ಸಿಪ್ಪೆ, ಬೀಜ ಕಳೆದು 150 ಗ್ರಾಂ ಉಳಿದರೆ ನಿಮಗೆ ತಿನ್ನಲು ಸಿಕ್ಕಿದ್ದು ಅರ್ಧ. ದೊಡ್ಡ ಹಣ್ಣೇ ಹೆಚ್ಚು ತಿರುಳಿನದು ಎಂಬ ನಂಬಿಕೆ ಈ ತಕ್ಕಡಿಯ ಮುಂದೆ ಎಷ್ಟೋ ಸಲ ಸೋಲುತ್ತದೆ. ಬೀಜ ಎಣಿಸಿ. ಮೂರು ಇರಬಹುದು, ಹತ್ತೂ ಇರಬಹುದು.

ರುಚಿ ನೋಡುವಾಗ ಎರಡು ಚಮಚ ಬೇಕು ಎನ್ನುತ್ತೇನೆ. ಮೊದಲನೆಯದು ನಡುಭಾಗದ್ದು, ಅಲ್ಲಿ ಎಲ್ಲ ಮರಗಳ ಹಣ್ಣೂ ಸಿಹಿಯೇ. ಎರಡನೆಯದು ಸಿಪ್ಪೆಗೆ ತಾಗಿದ ತಿರುಳು. ಒಳ್ಳೆಯ ತಳಿಯಲ್ಲಿ ಸಿಹಿ ಸಿಪ್ಪೆಯ ಹತ್ತಿರದವರೆಗೂ ಬರುತ್ತದೆ. ಸಾಧಾರಣ ಮರದಲ್ಲಿ ಅರ್ಧ ದಾರಿಯಲ್ಲೇ ಒಗರು ಶುರುವಾಗುತ್ತದೆ, ತುಟಿ ಅಂಟುತ್ತದೆ. ಪನಾಮದಲ್ಲಿ ಕಾಡಿನ ಕೈಮಿಟೊ ಮರಗಳನ್ನೂ ಮನೆಯಂಗಳದ ಮರಗಳನ್ನೂ ಹೋಲಿಸಿ ನೋಡಿದ ಸಸ್ಯವಿಜ್ಞಾನಿಗಳಿಗೂ ಸಿಕ್ಕಿದ್ದು ಇದೇ. ಅಂಗಳದವು ದೊಡ್ಡವು, ತಿರುಳು ಹೆಚ್ಚು, ಸಕ್ಕರೆ ಹೆಚ್ಚು, ಒಗರು ಕಡಿಮೆ. ತಲೆಮಾರುಗಳಿಂದ ರೈತರು ತಿಂದು, ಮೆಚ್ಚಿ, ಮೆಚ್ಚಿದ್ದರ ಬೀಜ ಊರಿದ್ದರ ಫಲ.

ಬೀಜದ ಮಾತು ಬಂತು. ಬೀಜ ಸುಲಭವಾಗಿ ಮೊಳೆಯುತ್ತದೆ, ಕೆಲವು ತಿಂಗಳು ಇಟ್ಟರೂ ಕೆಡುವುದಿಲ್ಲ. ಆದರೆ ಬೀಜದ ಗಿಡ ಫಲಕ್ಕೆ ಬರಲು 5ರಿಂದ 10 ವರ್ಷ ಹಿಡಿಯುತ್ತದೆ, ತಾಯಿಮರದ ಗುಣ ಹಾಗೇ ಬಂದೀತೆಂಬ ಭರವಸೆಯೂ ಇಲ್ಲ. ಕಸಿಗಿಡವಾದರೆ ನೆಟ್ಟ ಒಂದೆರಡು ವರ್ಷದಲ್ಲೇ ಹೂ ಕಾಣಬಹುದು. ಸಪೋಟವನ್ನು ಖಿರ್ಣಿಯ ಮೇಲೆ ಕಟ್ಟುವಂತೆ ಇದಕ್ಕೆ ಬೇರೆ ಬೇರುಗಿಡ ಹುಡುಕಬೇಕಿಲ್ಲ, ಸ್ಟಾರ್ ಆ್ಯಪಲ್ಲಿನ ಸಸಿಯ ಮೇಲೇ ಕಟ್ಟುತ್ತಾರೆ. ಗೂಟಿಯೂ ಆಗುತ್ತದೆ, ಆದರೆ ಬೇರು ಬರಲು 4ರಿಂದ 7 ತಿಂಗಳು. ದಾಳಿಂಬೆಗೆ ಗೂಟಿ ಕಟ್ಟಿ ರೂಢಿಯಿದ್ದವರು ಎರಡು ತಿಂಗಳಿಗೇ ಪ್ಲಾಸ್ಟಿಕ್ ಬಿಚ್ಚಿ ನೋಡಿ ಕೆಲಸ ಕೆಡಿಸುತ್ತಾರೆ. ಹಣ್ಣಿಗಾಗಿಯೇ ನೆಡುವುದಾದರೆ ಕಸಿಗಿಡ ತನ್ನಿ. ಕಸಿಯ ಗಂಟು ಕಣ್ಣಿಗೆ ಕಾಣುವಂತಿರಲಿ.

ಇದು ಬಿಸಿಯ, ತಗ್ಗುನೆಲದ ಮರ. ತವರಿನ ಕಡೆ, ಜಮೈಕದಲ್ಲಿ, ಸುಮಾರು 425 ಮೀಟರಿಗಿಂತ ಮೇಲೆ ಹೋಗುವುದಿಲ್ಲ. ನಮ್ಮ ಕರಾವಳಿ, ಘಟ್ಟದ ಬುಡ ಇದಕ್ಕೆ ಒಗ್ಗುತ್ತದೆ. ಬೆಂಗಳೂರಿನ ಎತ್ತರದಲ್ಲಿ ನೆಡುವವರು ಚಳಿಗಾಳಿ ತಾಗದ, ಇಡೀ ದಿನ ಬಿಸಿಲು ಬೀಳುವ ಮೂಲೆ ಹುಡುಕಲಿ. ಮಣ್ಣಿನ ವಿಷಯದಲ್ಲಿ ಮರ ತಕರಾರು ಮಾಡದು. ಜಂಬಿಟ್ಟಿಗೆ ಮಣ್ಣಾದರೂ ಸರಿ, ಮರಳಾದರೂ ಸರಿ. ನೀರು ನಿಲ್ಲುವುದನ್ನು ಮಾತ್ರ ಸಹಿಸುವುದಿಲ್ಲ. ಲೋ ರೆನ್ ತಳಿಯ ತವರಲ್ಲೇ ಬೇರುಕೊಳೆತ, ಕೊಂಬೆ ಒಣಗುವ ರೋಗದಿಂದ ತೋಟಗಳು ಕರಗಿವೆ. ಕಾಲುವೆ ತೋಡಿ, ಮಣ್ಣೇರಿಸಿ ದಿಬ್ಬದ ಮೇಲೆ ಮರ ಬೆಳೆಸುವ ಊರಿನ ಕಥೆ ಇದು. ಹಾಗಿರುವಾಗ ನಮ್ಮ ಆಷಾಢದ ಮಳೆಗೆ ಅಡಿಕೆ ತೋಟದ ತಗ್ಗಿನಲ್ಲಿ ಇದನ್ನು ಊರುವುದು ಮರವನ್ನು ಕೈಯಾರೆ ಕೊಂದಂತೆ. ಗುಂಡಿಯ ಮಣ್ಣು ನೆಲಮಟ್ಟಕ್ಕಿಂತ ಒಂದಡಿ ಎತ್ತರ ಬರುವಂತೆ ದಿಬ್ಬ ಮಾಡಿ, ಪಕ್ಕದಲ್ಲಿ ಬಸಿಗಾಲುವೆ ಬಿಡಿಸಿ. ಮೊದಲ ಎರಡು ಬೇಸಿಗೆ ನೀರು ತಪ್ಪಿಸಬೇಡಿ, ಬುಡಕ್ಕೆ ತರಗೆಲೆ ಹೊದಿಸಿ.

ಜಾಗ ಬಿಡುವಾಗ ಜಿಪುಣತನ ಬೇಡ. ಗಿಡದಿಂದ ಗಿಡಕ್ಕೆ 25ರಿಂದ 30 ಅಡಿ ಬೇಕು. ಸುಮ್ಮನೆ ಬಿಟ್ಟರೆ ಮರ 50 ಅಡಿ ದಾಟುತ್ತದೆ. ಉದುರದ ಹಣ್ಣು 50 ಅಡಿ ಮೇಲಿದ್ದರೆ ಅದು ಬಾವಲಿಯ ಪಾಲು. ಆದ್ದರಿಂದ ಎದೆಮಟ್ಟ ಬಂದಾಗಲೇ ನಡುಚಿಗುರು ಚಿವುಟಿ, ಮುಂದೆ ಪ್ರತಿ ಕೊಯ್ಲಿನ ನಂತರ ಮೇಲಕ್ಕೆ ನುಗ್ಗಿದ ಕೊಂಬೆ ಕತ್ತರಿಸಿ, 12ರಿಂದ 15 ಅಡಿಯೊಳಗೆ ಇಟ್ಟುಕೊಳ್ಳಿ. ಹೂ ತೀರಾ ಸಣ್ಣದು, ಎಲೆಯ ಕಂಕುಳಲ್ಲಿ ಗೊಂಚಲಾಗಿ ಬರುತ್ತದೆ, ಎಷ್ಟೋ ಜನ ಹೂ ಬಂದದ್ದನ್ನೇ ಕಾಣುವುದಿಲ್ಲ. ಹಣ್ಣಿನ ಸುಗ್ಗಿ ನಮ್ಮ ದೇಶದಲ್ಲಿ ಹೆಚ್ಚಾಗಿ ಫೆಬ್ರುವರಿ, ಮಾರ್ಚ್. ಮಾವಿಗಿಂತ ಮೊದಲು, ಹಿತ್ತಲಲ್ಲಿ ಬೇರೆ ಹಣ್ಣು ಕಡಿಮೆ ಇರುವ ಹೊತ್ತು. ಬೆಳೆದು ನಿಂತ ಮರ ಒಂದು ಸುಗ್ಗಿಗೆ 60 ಕೆ.ಜಿ.ಯಷ್ಟು ಕೊಡಬಲ್ಲದು. ಅಳಿಲು, ಬಾವಲಿ, ಹಣ್ಣುನೊಣ ಮೂವರಿಗೂ ಇದು ಇಷ್ಟ. ಹಣ್ಣಿಗೆ ಕಾಗದದ ಅಥವಾ ಬಲೆಯ ಚೀಲ ಕಟ್ಟುವುದೇ ನನಗೆ ಗೊತ್ತಿರುವ ಸರಳ ಉಪಾಯ. ಕರಟಿ ಕಪ್ಪಾಗಿ ನೇತಾಡುವ ಕಾಯಿಗಳನ್ನು ಮರದಲ್ಲೇ ಬಿಡಬೇಡಿ, ಅವು ಶಿಲೀಂಧ್ರದ ಮನೆ.

ಕೊಯ್ಯುವಾಗ ಎಳೆಯಬಾರದು, ತೊಟ್ಟಿನ ಸಮೇತ ಕತ್ತರಿಸಬೇಕು. ದೋಟಿಯ ತುದಿಗೆ ಕತ್ತಿ, ಕೆಳಗೆ ಬಲೆಚೀಲ ಇದ್ದರೆ ಸಾಕು. ಮಾಗಿದ ಹಣ್ಣು ಫ್ರಿಜ್ಜಿನ ತಂಪಿನಲ್ಲಿ ಎರಡು ಮೂರು ವಾರ ತಾಳುತ್ತದೆ. ದಪ್ಪಸಿಪ್ಪೆಯದನ್ನು ಹಿಸುಕಬೇಡಿ, ಸಿಪ್ಪೆಯ ಕಹಿಹಾಲು ತಿರುಳಿಗೆ ಇಳಿಯುತ್ತದೆ; ಅಡ್ಡಕ್ಕೆ ಕತ್ತರಿಸಿ ಚಮಚದಲ್ಲಿ ತಿನ್ನಿ. ಚಾಕುವಿಗೆ ಅಂಟು ಹತ್ತಿದರೆ ಹಲಸಿಗೆ ಮಾಡುವಂತೆ ತೆಂಗಿನೆಣ್ಣೆ ಸವರಿ. ಜಮೈಕದಲ್ಲಿ ಇದರ ತಿರುಳಿಗೆ ಕಿತ್ತಳೆಯ ತೊಳೆ, ಕಂಡೆನ್ಸ್ಡ್ ಮಿಲ್ಕ್ ಬೆರೆಸಿ ‘ಮ್ಯಾಟ್ರಿಮನಿ’ ಎಂಬ ತಿನಿಸು ಮಾಡುತ್ತಾರೆ, ಅಂದರೆ ಮದುವೆ. ನಮ್ಮ ಮನೆಯಲ್ಲಿ ಕೊಡಗಿನ ಕಿತ್ತಳೆ ಹಾಕಿ ಮಾಡಿದೆವು. ಸಪ್ಪೆಯಾದ ವರನಿಗೆ ಹುಳಿಯಾದ ವಧು, ಜೋಡಿ ಚೆನ್ನಾಗಿದೆ.

ಎರಡೇ ಗಿಡಕ್ಕೆ ಜಾಗವಿದ್ದರೆ ಒಂದು ನೇರಳೆ, ಒಂದು ತೆಳುಸಿಪ್ಪೆಯ ಹಸಿರು ನೆಡಿ. ಒಂದೇ ಆದರೆ ನಾನು ಹಸಿರನ್ನೇ ನೆಡುತ್ತೇನೆ, ಮಾರುವ ಉದ್ದೇಶ ನನಗಿಲ್ಲ. ತಂದ ದಿನವೇ ಅಲ್ಯೂಮಿನಿಯಂ ತಗಡಿನ ಚೂರಿನ ಮೇಲೆ ಮೊಳೆಯಿಂದ ಗೀರಿ ಬರೆದು ತಂತಿಯಲ್ಲಿ ಸಡಿಲವಾಗಿ ತೂಗುಹಾಕಿ: ತಂದ ಜಾಗ, ತಾರೀಕು, ಕಸಿಯೋ ಬೀಜವೋ, ಮಾರಿದವರು ಹೇಳಿದ ಹೆಸರು. ಕೆಳಗೆ ಒಂದು ಸಾಲಿನಷ್ಟು ಖಾಲಿ ಬಿಡಿ. ಮೊದಲ ಹಣ್ಣು ಕತ್ತರಿಸಿದ ದಿನ ಅದರ ನಿಜವಾದ ಬಣ್ಣವನ್ನು ಅಲ್ಲಿ ಬರೆದುಕೊಳ್ಳಬಹುದು.